ದಡದಿಂದಲೇ ಇಳಿದು ನೋಡುವ ಹಡಗು: ಬಾಲಿಯ ತುಲಂಬೆನ್‌ಗೆ ಹೋಗುವವರಿಗೆ ಯಾವ ದಾರಿ ಸರಿ?

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾಗಿದ್ದು 2024ರಲ್ಲಿ. ಆಗಿನಿಂದ ಪರಿಚಯದವರು, ಅವರ ಪರಿಚಯದವರು ಎಲ್ಲರೂ ನನಗೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ತುಲಂಬೆನ್‌ನಲ್ಲಿ ನೀರೊಳಗೆ ದೊಡ್ಡ ಹಡಗಿದೆಯಂತೆ. ನಾವು ಕುಟಾದಲ್ಲಿ ರೂಮ್ ಮಾಡಿದ್ದೀವಿ. ಒಂದೇ ದಿನದಲ್ಲಿ ನೋಡಿಕೊಂಡು ಬರಬಹುದಾ? ಅಮೆಡ್‌ನಲ್ಲಿ ಉಳಿದರೆ ಒಳ್ಳೇದಾ? ನಮಗೆ ಡೈವಿಂಗ್ ಬರಲ್ಲ, ಆದ್ರೂ ಆಗುತ್ತಾ?"

ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹನಿಮೂನಿಗೆ ಹೋಗುವವರಿಗೆ ಸರಿಹೋಗುವುದು ನೇತ್ರಾಣಿಯಲ್ಲಿ ಹತ್ತು ಡೈವ್ ಮಾಡಿ ಬಂದವರಿಗೆ ಸಾಲುವುದಿಲ್ಲ. ಅದಕ್ಕೇ ಇರುವ ದಾರಿಗಳನ್ನೆಲ್ಲ ಇಲ್ಲಿ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೋಟೆಲ್ ಬುಕ್ ಮಾಡುವುದಕ್ಕಿಂತ ಮುಂಚೆ, ಆ ನೀರಿಗೆ ಎಷ್ಟು ಗಂಟೆಗೆ ಇಳಿಯುತ್ತೀರಿ ಎಂದು ತೀರ್ಮಾನಿಸಿ. ಉಳಿದ ಲೆಕ್ಕವೆಲ್ಲ ಅದರ ಹಿಂದೆಯೇ ಬರುತ್ತದೆ.

ಹಡಗಿನ ಕಥೆ, ಚಿಕ್ಕದಾಗಿ

ಹಡಗಿನ ಹೆಸರು ಲಿಬರ್ಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲುಸಾಲಾಗಿ ಕಟ್ಟಿದ 'ಲಿಬರ್ಟಿ ಶಿಪ್' ಎಂಬ ಜಾತಿಯ ಹಡಗು ಇದಲ್ಲ. ಅದಕ್ಕಿಂತ ಹಳೆಯದು. 1918ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಟ್ಟಿದ ಸರಕು ಹಡಗು, ಉದ್ದ ಸುಮಾರು 125 ಮೀಟರ್. ಮೊದಲ ಮಹಾಯುದ್ಧದಲ್ಲಿ ಕುದುರೆಗಳನ್ನು ಕೂಡ ಸಾಗಿಸಿತ್ತು.

1942ರ ಜನವರಿ 11ರಂದು ಆಸ್ಟ್ರೇಲಿಯಾದಿಂದ ಫಿಲಿಪೀನ್ಸ್ ಕಡೆಗೆ ರೈಲ್ವೆ ಸಾಮಾನು ಮತ್ತು ರಬ್ಬರ್ ಹೊತ್ತು ಹೋಗುತ್ತಿತ್ತು. ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಐ-166 ಎಂಬ ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ಒಂದು ಅಮೆರಿಕನ್, ಒಂದು ಡಚ್ ಯುದ್ಧನೌಕೆ ಸೇರಿ ಅದನ್ನು ಸಿಂಗರಾಜ ಬಂದರಿಗೆ ಎಳೆದುಕೊಂಡು ಹೊರಟವು. ಒಳಗೆ ನೀರು ಜಾಸ್ತಿ ನುಗ್ಗಿದ್ದರಿಂದ ಅಲ್ಲಿಯ ತನಕ ಹೋಗಲಾಗಲಿಲ್ಲ. ಸಾಮಾನಾದರೂ ಉಳಿಯಲಿ ಎಂದು ತುಲಂಬೆನ್ ದಡಕ್ಕೆ ಹತ್ತಿಸಿಬಿಟ್ಟರು. ಇಪ್ಪತ್ತೊಂದು ವರ್ಷ ಅದು ದಡದ ಮೇಲೇ ಬಿದ್ದಿತ್ತು. ಕಬ್ಬಿಣ, ತಾಮ್ರ, ಉಪಯೋಗಕ್ಕೆ ಬರುವುದನ್ನೆಲ್ಲ ಜನ ಬಿಚ್ಚಿಕೊಂಡು ಹೋದರು.

1963ರಲ್ಲಿ ಊರಿನ ಹಿಂದಿರುವ ಅಗುಂಗ್ ಎಂಬ ಜ್ವಾಲಾಮುಖಿ ಬೆಟ್ಟ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ನಡುಕಕ್ಕೆ ಹಡಗು ದಡದಿಂದ ಜಾರಿ, ಕಪ್ಪು ಮರಳಿನ ಇಳಿಜಾರಿನಲ್ಲಿ ಒರಗಿ ಮಲಗಿತು. ಹೀಗಾಗಿಯೇ ಅದು ದಡಕ್ಕೆ ಇಷ್ಟು ಹತ್ತಿರ ಇದೆ. ಕಲ್ಲಿನ ದಡದಿಂದ ಮೂವತ್ತು ನಲವತ್ತು ಮೀಟರ್ ಈಜಿದರೆ ಹಡಗು ಕಾಣುತ್ತದೆ. ಮೇಲಿನ ತುದಿ ಸುಮಾರು 5 ಮೀಟರ್ ಆಳದಲ್ಲಿ, ಕೆಳಗಿನ ತುದಿ 30 ಮೀಟರ್ ಹತ್ತಿರ. ಸ್ನಾರ್ಕೆಲ್, ಅಂದರೆ ನೀರಿನ ಮೇಲೆ ತೇಲುತ್ತ ಉಸಿರಾಡುವ ಕೊಳವೆ, ಕಟ್ಟಿಕೊಂಡವರಿಗೂ ಸಿಗುತ್ತದೆ, ನೂರಾರು ಡೈವ್ ಮಾಡಿದವರಿಗೂ ಸಿಗುತ್ತದೆ. ಇಷ್ಟು ದೊಡ್ಡ ಹಡಗು ಹೀಗೆ ಎಲ್ಲರ ಕೈಗೆಟುಕುವಂತೆ ಇರುವ ಜಾಗ ಬಹಳ ಕಡಿಮೆ.

ಯಾವುದನ್ನು ನೋಡಿ ಆರಿಸಬೇಕು?

ನಾನು ಐದು ವಿಷಯ ನೋಡುತ್ತೇನೆ.

ಮೊದಲನೆಯದು ಹೊತ್ತು. ಬೆಳಿಗ್ಗೆ ಒಂಬತ್ತೂವರೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ದಕ್ಷಿಣ ಬಾಲಿಯಿಂದ ಬರುವ ವ್ಯಾನುಗಳ ಜನ ನೀರಿನಲ್ಲಿ ತುಂಬಿರುತ್ತಾರೆ. ಆರು ಗಂಟೆಗೆ ಆ ಹಡಗು ಬೇರೆಯೇ ಜಾಗ.

ಎರಡನೆಯದು ನಿಮ್ಮ ಕಲಿಕೆ. ಮೊದಲ ಸಲ ಗಾಳಿಯ ಟ್ಯಾಂಕ್ ಕಟ್ಟಿ ನೋಡುವವರಿಗೆ 12 ಮೀಟರ್ ಮಿತಿ. ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ 18. ಅಡ್ವಾನ್ಸ್‌ಡ್ ಎಂಬ ಮುಂದಿನ ಹಂತ ಆದವರಿಗೆ 30. ಹಡಗು 5ರಿಂದ 30ರ ತನಕ ಇಳಿದಿದೆ ಎಂದಮೇಲೆ, ನಿಮ್ಮ ಕೋರ್ಸಿನ ಕಾರ್ಡ್ ಎಷ್ಟು ದೂರ ಬಿಡುತ್ತದೋ ಅಷ್ಟೇ ಹಡಗು ನಿಮ್ಮದು.

ಮೂರನೆಯದು ದಡ. ಇಲ್ಲಿ ಮರಳಿಲ್ಲ. ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದವರೆಗೆ ಕಪ್ಪು ಉರುಟು ಕಲ್ಲುಗಳು. ಬೆನ್ನ ಮೇಲೆ ಇಪ್ಪತ್ತು ಕಿಲೋಗೂ ಮೀರಿದ ಭಾರ. ಅಲೆ ಸಣ್ಣದಿದ್ದರೂ ಮೊಣಕಾಲಿಗೆ ಹೊಡೆಯುತ್ತದೆ. ಮಂಡಿನೋವು, ಬೆನ್ನುನೋವು ಇರುವವರು ಇದನ್ನು ಮೊದಲೇ ಯೋಚಿಸಬೇಕು.

ನಾಲ್ಕನೆಯದು ಪ್ರವಾಸದ ಉಳಿದ ಭಾಗ. ಡೈವ್ ಆದಮೇಲೆ ತಕ್ಷಣ ವಿಮಾನ ಹತ್ತುವ ಹಾಗಿಲ್ಲ, ಎತ್ತರದ ಬೆಟ್ಟಕ್ಕೂ ಹೋಗುವ ಹಾಗಿಲ್ಲ. ಬಾಲಿಯಲ್ಲಿ ಇದು ನಿಜವಾದ ತೊಡಕು. ಮುಂದೆ ವಿವರವಾಗಿ ಹೇಳುತ್ತೇನೆ.

ಐದನೆಯದು ದುಡ್ಡು. ಬೋಟ್ ಬೇಡದ ಕಾರಣ ಡೈವ್ ಇಲ್ಲಿ ಅಗ್ಗ. ಖರ್ಚು ಹೆಚ್ಚುವುದು ರಸ್ತೆಯಲ್ಲಿ.

ಎಲ್ಲಿ ಉಳಿಯಬೇಕು: ಮೂರು ದಾರಿ

ಕುಟಾ, ಸೆಮಿನ್ಯಾಕ್, ಸನೂರ್ ಕಡೆಯಿಂದ ಒಂದು ದಿನಕ್ಕೆ ಹೋಗಿಬರುವುದು ಮೊದಲ ದಾರಿ. ಹೆಚ್ಚಿನವರು ಇದನ್ನೇ ಆರಿಸುತ್ತಾರೆ. ರೂಮ್ ಬದಲಿಸುವ ಕೆಲಸವಿಲ್ಲ. ವ್ಯಾನ್, ಡೈವ್, ಊಟ ಎಲ್ಲ ಒಂದೇ ದರದಲ್ಲಿ ಸಿಗುತ್ತದೆ. ಆದರೆ ಕುಟಾದಿಂದ ತುಲಂಬೆನ್‌ಗೆ ನೂರು ಕಿಲೋಮೀಟರ್ ಹತ್ತಿರ, ಎರಡೂವರೆ ಮೂರು ಗಂಟೆ ದಾರಿ. ಹೋಗಿಬರುವುದಕ್ಕೇ ಐದಾರು ಗಂಟೆ ಹೋಯಿತು.

ನಾನು ಮೊದಲ ಸಲ ಹೋಗಿದ್ದು ಹೀಗೆಯೇ. ಬೆಳಗಿನ ಜಾವ ಐದೂವರೆಗೆ ಎದ್ದು, ವ್ಯಾನಿನಲ್ಲಿ ಬೇರೆ ಬೇರೆ ಹೋಟೆಲಿನವರನ್ನು ಹತ್ತಿಸಿಕೊಂಡು, ನೀರಿಗೆ ಇಳಿಯುವಾಗ ಹತ್ತೂಮುಕ್ಕಾಲು. ಒಬ್ಬ ಗೈಡಿಗೆ ನಾವು ಆರು ಜನ. ಹಡಗಿನ ಹಿಂಭಾಗದಲ್ಲಿ ಎಲ್ಲಿ ನೋಡಿದರೂ ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ) ಮತ್ತು ಗುಳ್ಳೆ. ಬೇರೆ ಗುಂಪಿನವರ ಹಿಂದೆ ಈಜಿಬಿಟ್ಟು, ನನ್ನ ಗೈಡ್ ಯಾರು ಎಂದು ಒಂದು ನಿಮಿಷ ಹುಡುಕಿದ್ದು ಇವತ್ತಿಗೂ ನೆನಪಿದೆ. ಹಡಗು ನೋಡಿದೆ, ನಿಜ. ಆದರೆ ಅದರ ಎದುರು ಸುಮ್ನೆ ನಿಲ್ಲಲು ಆಗಲಿಲ್ಲ. ಮಾರನೇ ವರ್ಷ ಮತ್ತೆ ಹೋಗಿ ಅಲ್ಲೇ ಉಳಿದಾಗ ನನಗೆ ಎಷ್ಟು ತಪ್ಪಿಹೋಗಿತ್ತು ಎಂದು ತಿಳಿಯಿತು.

ಹಾಗಾದರೆ ಈ ದಾರಿ ಯಾರಿಗೆ? ಒಟ್ಟು ನಾಲ್ಕೈದು ದಿನ ಮಾತ್ರ ಇರುವವರಿಗೆ, ಜೊತೆಯವರು ಡೈವ್ ಮಾಡದೇ ಇದ್ದು ಊರಿನ ಗದ್ದಲ ಬೇಕು ಎನ್ನುವವರಿಗೆ. ಅಂಥವರು ಸನೂರ್‌ನಲ್ಲಿ ಉಳಿದರೆ ರಸ್ತೆ ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೂ ಪೂರ್ವಕ್ಕೆ ಪದಂಗ್‌ಬಾಯ್ ಅಥವಾ ಚಂಡಿದಾಸದಲ್ಲಿ ಒಂದು ರಾತ್ರಿ ಇದ್ದರೆ ಇನ್ನೂ ಕಡಿಮೆ. ಸ್ವಂತ ಕಾರು ಮಾಡಿಕೊಂಡು ನಸುಕಿಗೇ ಹೊರಟರೆ ವ್ಯಾನುಗಳಿಗಿಂತ ಮುಂಚೆ ತಲುಪಬಹುದು. ಖರ್ಚು ಜಾಸ್ತಿ, ನಿದ್ದೆ ಕಡಿಮೆ.

ಎರಡನೆಯದು ಅಮೆಡ್. ತುಲಂಬೆನ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಅದು ಒಂದೇ ಊರಲ್ಲ, ಸಮುದ್ರದ ಅಂಚಿಗೆ ಸಾಲಾಗಿ ಹರಡಿರುವ ಸಣ್ಣ ಸಣ್ಣ ಹಳ್ಳಿಗಳು. ಊಟದ ಜಾಗಗಳು, ಯೋಗ, ದೋಣಿ, ಸಂಜೆ ಹೊತ್ತು ನಡೆಯಲು ದಾರಿ ಎಲ್ಲ ಇದೆ. ಜೆಮೆಲುಕ್ ಕೊಲ್ಲಿಯಲ್ಲಿ ದಡದಿಂದಲೇ ಹವಳ ನೋಡಬಹುದು. ಬನ್ಯುನಿಂಗ್ ಎಂಬಲ್ಲಿ ಇನ್ನೊಂದು ಚಿಕ್ಕ ಮುಳುಗಿದ ಹಡಗಿದೆ. ಅದನ್ನು ಜಪಾನೀಸ್ ರೆಕ್ ಎಂದು ಕರೆಯುತ್ತಾರೆ. ಅದು ಎಷ್ಟು ಮೇಲಿದೆ ಎಂದರೆ ಈಜು ಬರುವವರಿಗೆ ಸ್ನಾರ್ಕೆಲ್ ಸಾಕು.

ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಡೈವಿಂಗ್ ಹುಚ್ಚು, ಇನ್ನೊಬ್ಬರಿಗೆ ಇಲ್ಲ ಎಂದಾದರೆ ಅಮೆಡ್ ಸರಿ. ಮಕ್ಕಳಿದ್ದರೂ ಅಮೆಡ್ ಸರಿ. ಡೈವ್ ಅಂಗಡಿಯವರು ಬೆಳಿಗ್ಗೆ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಆದರೆ ಅವರನ್ನೇ ಕೇಳಿದರೆ ಎಂಟು ಗಂಟೆ ಎನ್ನುತ್ತಾರೆ. "ಆರಕ್ಕೆ ನೀರಲ್ಲಿ ಇರಬೇಕು" ಎಂದು ನೀವೇ ಹಿಂದಿನ ದಿನ ಹೇಳಿ ಒಪ್ಪಿಸಬೇಕು.

ಮೂರನೆಯದು ತುಲಂಬೆನ್‌ನಲ್ಲೇ ಉಳಿಯುವುದು. ಊರು ಚಿಕ್ಕದು, ಒಣ ನೆಲ. ಒಂದು ಹೆದ್ದಾರಿ, ಅದರ ಎರಡೂ ಕಡೆ ಡೈವ್ ಅಂಗಡಿ, ಹಿಂದೆ ಅಗುಂಗ್ ಬೆಟ್ಟ. ಸಂಜೆ ಏಳಾದ ಮೇಲೆ ಮಾಡಲು ಏನೂ ಇಲ್ಲ. ಶಾಪಿಂಗ್ ಬೇಕು ಎನ್ನುವವರಿಗೆ ಎರಡನೇ ದಿನವೇ ಬೇಜಾರಾಗುತ್ತದೆ. ಆದರೆ ಹಾಸಿಗೆಯಿಂದ ಎದ್ದು ಇಪ್ಪತ್ತು ನಿಮಿಷದಲ್ಲಿ ನೀರಿನಲ್ಲಿರಬಹುದು. ಅಲೆ ಜೋರಾಗಿದ್ದರೆ ಒಂದು ಗಂಟೆ ಕಾದು ಹೋಗಬಹುದು. ದಿನದ ಪ್ರವಾಸದವರಿಗೆ ಈ ಅನುಕೂಲ ಇಲ್ಲವೇ ಇಲ್ಲ, ಅವರ ವ್ಯಾನ್ ವಾಪಸ್ ಹೊರಡಬೇಕು. ರಾತ್ರಿ ಡೈವ್ ಕೂಡ ಇಲ್ಲಿ ಸಲೀಸು. ಅಲ್ಲದೆ ಕೋರಲ್ ಗಾರ್ಡನ್, ಡ್ರಾಪ್ ಆಫ್ ಎಂಬ ಇನ್ನೆರಡು ಒಳ್ಳೆಯ ಜಾಗಗಳು ಅದೇ ದಡದಲ್ಲಿವೆ, ಅವಕ್ಕೂ ಬೋಟ್ ಬೇಡ.

ಮೂರರಲ್ಲಿ ನನ್ನ ಆಯ್ಕೆ ಇದೇ, ಕನಿಷ್ಠ ಎರಡು ರಾತ್ರಿ. ರೂಮೂ ಅಗ್ಗ. ಎರಡು ದಿನ ದಕ್ಷಿಣದಿಂದ ಹೋಗಿಬರುವ ಗಾಡಿ ಖರ್ಚಿನಲ್ಲಿ ಇಲ್ಲಿ ಆರಾಮಾಗಿ ಉಳಿಯಬಹುದು.

ಊಟದ ಬಗ್ಗೆ ಸಸ್ಯಾಹಾರಿಗಳು ತಪ್ಪದೆ ಕೇಳುತ್ತಾರೆ. ಟೆಂಪೆ, ತೋಫು, ಬೇಯಿಸಿದ ತರಕಾರಿಗೆ ಶೇಂಗಾ ಸಾಸ್ ಹಾಕಿದ ಗಾಡೊ-ಗಾಡೊ, ಅನ್ನ ಸಿಗುತ್ತವೆ. ಸಂಬಾಲ್ ಎಂಬ ಖಾರದ ಚಟ್ನಿಯಲ್ಲಿ ಸಾಮಾನ್ಯವಾಗಿ ತೆರಾಸಿ, ಅಂದರೆ ಹುದುಗಿಸಿದ ಸೀಗಡಿಯ ಪೇಸ್ಟ್ ಇರುತ್ತದೆ. "ತೆರಾಸಿ ಬೇಡ" ಎಂದು ಮೊದಲೇ ಹೇಳಿ. ಒಂದು ಡಬ್ಬಿ ಚಟ್ನಿಪುಡಿ ಬ್ಯಾಗಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಹೊತ್ತಿನ ಲೆಕ್ಕ

ಹಡಗಿನ ಹತ್ತಿರ ಬಂಪ್‌ಹೆಡ್ ಪ್ಯಾರಟ್‌ಫಿಶ್ ಎಂಬ ಮೀನಿನ ಹಿಂಡು ಇದೆ. ಹಣೆ ಉಬ್ಬಿದ, ಎಮ್ಮೆಕರುವಿನ ಹಾಗೆ ದಪ್ಪಗಿನ ಮೀನು. ಒಂದೊಂದು ಒಂದು ಮೀಟರ್‌ಗೂ ಉದ್ದ ಬೆಳೆಯುತ್ತದೆ. ಹವಳವನ್ನು ಕಚ್ಚಿ ಪುಡಿಮಾಡಿ ತಿಂದು ಮರಳಾಗಿ ಹೊರಗೆ ಬಿಡುತ್ತವೆ. ರಾತ್ರಿ ಹಡಗಿನ ಸಂದಿಗಳಲ್ಲಿ ಮಲಗಿ, ಬೆಳಕು ಹರಿಯುವಾಗ ಗುಂಪಾಗಿ ಹೊರಡುತ್ತವೆ. ಆರು ಗಂಟೆಗೆ ನೀರಿನಲ್ಲಿದ್ದರೆ ಈ ಹೊರಡುವ ದೃಶ್ಯ ಸಿಗುವ ಸಾಧ್ಯತೆ ಹೆಚ್ಚು. ಹತ್ತು ಗಂಟೆಗೆ ಬಂದವರಿಗೆ ಹೆಚ್ಚಾಗಿ ಸಿಗುವುದಿಲ್ಲ. ಬೆಳ್ಳಿ ಬಣ್ಣದ ಜ್ಯಾಕ್ ಮೀನುಗಳ ಸುಳಿ ಮಾತ್ರ ಯಾವ ಹೊತ್ತಿನಲ್ಲೂ ಕಾಣಬಹುದು. ಅವು ತಲೆಯ ಸುತ್ತ ತಿರುಗುವಾಗ ಮೇಲಿನ ಬೆಳಕೇ ಮಬ್ಬಾಗುತ್ತದೆ.

ಮಧ್ಯಾಹ್ನಕ್ಕೂ ಒಂದು ಗುಣ ಇದೆ. ಬಿಸಿಲು ನೇರ ಬೀಳುವುದರಿಂದ ಹಡಗಿನ ಪಕ್ಕೆಲುಬುಗಳ ಸಂದಿಯಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ. ಫೋಟೊ ತೆಗೆಯುವವರಿಗೆ ಇದು ಬೇಕು. ಜನರೂ ಬೇಡ, ಬೆಳಕೂ ಬೇಕು ಎಂದರೆ ಮೂರು ಗಂಟೆಯ ನಂತರ, ವ್ಯಾನುಗಳು ಹೋದಮೇಲೆ ಇಳಿಯಿರಿ.

ರಾತ್ರಿ ಡೈವ್ ಓಪನ್ ವಾಟರ್ ಮುಗಿಸಿ ಸ್ವಲ್ಪ ಅಭ್ಯಾಸ ಆದವರಿಗೆ. ಹಗಲು ಒಮ್ಮೆ ಹಡಗು ನೋಡಿ, ಅದರ ಆಕಾರ ಮನಸ್ಸಿನಲ್ಲಿ ಕೂತಮೇಲೆ ರಾತ್ರಿ ಇಳಿಯಿರಿ. ಕತ್ತಲಲ್ಲಿ ಮೊದಲ ಸಲವೇ ನೋಡಿದರೆ ಟಾರ್ಚಿನ ಬೆಳಕಿನಷ್ಟೇ ಹಡಗು ಕಾಣುತ್ತದೆ.

ತಿಂಗಳುಗಳಲ್ಲಿ ಏಪ್ರಿಲ್‌ನಿಂದ ನವೆಂಬರ್ ಒಳ್ಳೆಯದು. ಜನವರಿ, ಫೆಬ್ರವರಿಯಲ್ಲಿ ಮಳೆನೀರು ಇಳಿದು ಕಲಕುತ್ತದೆ, ಅಲೆಯೂ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಜನ ಬಹಳ. ಮಾರ್ಚ್ ಸುತ್ತ ಬರುವ ನ್ಯೆಪಿ ಹಬ್ಬದ ದಿನ ಬಾಲಿಯಲ್ಲಿ ಯಾರೂ ಹೊರಗೆ ಬರುವ ಹಾಗಿಲ್ಲ, ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಆ ತಾರೀಖು ನೋಡಿಕೊಂಡು ಟಿಕೆಟ್ ಮಾಡಿ.

ಹೇಗೆ ನೋಡಬೇಕು: ಸ್ನಾರ್ಕೆಲ್, ಮೊದಲ ಡೈವ್, ಕೋರ್ಸ್

ಸ್ನಾರ್ಕೆಲ್ ಸಾಕಾ ಎಂದು ಕೇಳಿದರೆ, ಈಜು ಬರುವವರಿಗೆ ಅರ್ಧ ಸಾಕು ಎನ್ನುತ್ತೇನೆ. ನೀರು ತಿಳಿಯಿದ್ದ ದಿನ ಮೇಲಿನ ಭಾಗ, ಅದಕ್ಕೆ ಅಂಟಿದ ಹವಳ, ಮೀನು ಎಲ್ಲ ಚೆನ್ನಾಗಿ ಕಾಣುತ್ತವೆ. ಆಳಕ್ಕೆ ಇಳಿದು ಹೋಗುವ ನೆರಳು ಕೂಡ ಕಾಣುತ್ತದೆ. ಖರ್ಚು ತೀರಾ ಕಡಿಮೆ. ಈಜು ಬಾರದವರು ಲೈಫ್ ಜಾಕೆಟ್ ಮತ್ತು ಗೈಡ್ ಇಲ್ಲದೆ ಇಲ್ಲಿ ಇಳಿಯಬೇಡಿ. ದಡದಿಂದ ನಾಲ್ಕು ಹೆಜ್ಜೆಗೇ ಕಾಲು ನೆಲಕ್ಕೆ ಸಿಗುವುದಿಲ್ಲ.

ಮೊದಲ ಸಲದ ಡೈವ್, ಅಂದರೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇದ್ದು ಮಾಡಿಸುವ ಡಿಸ್ಕವರ್ ಸ್ಕೂಬಾ, ಕೋರ್ಸ್ ಮಾಡಲು ಸಮಯ ಇಲ್ಲದವರಿಗೆ ಒಳ್ಳೆಯ ದಾರಿ. ಆದರೆ ಒಂದು ಷರತ್ತು ಹಾಕಿಕೊಳ್ಳಿ. ಮೊದಲು ಈಜುಕೊಳದಲ್ಲೋ ಶಾಂತ ನೀರಿನಲ್ಲೋ ಮಾಸ್ಕಿನ ನೀರು ತೆಗೆಯುವುದು, ಕಿವಿಯ ಒತ್ತಡ ಸರಿಮಾಡುವುದು ಕಲಿಸಬೇಕು. ಅದು ಬಂದಮೇಲೆ ಹಡಗು. ನೇರ ಕಲ್ಲಿನ ದಡದಿಂದ ಹಡಗಿಗೇ ಕರೆದುಕೊಂಡು ಹೋಗುತ್ತೇವೆ ಎನ್ನುವವರಿಗೆ ಬೇಡ ಎನ್ನಿ. ಹತ್ತು ಮೀಟರಿಗೆ ಇಳಿಯುವಾಗ ಕಿವಿಯ ಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಕಿವಿ ನೋಯಲು ಶುರುವಾದರೆ ಆ ದಿನ ಹಡಗಿನ ಮೇಲೆ ಗಮನ ಇರುವುದಿಲ್ಲ.

ಓಪನ್ ವಾಟರ್ ಕೋರ್ಸನ್ನು ಅಲ್ಲೇ ಮಾಡಬಹುದು, ಮೂರು ನಾಲ್ಕು ದಿನ ಬೇಕು. ಇದನ್ನು ಮುರ್ಡೇಶ್ವರದಲ್ಲಿ ಮಾಡಿ ಹೋಗುವುದಾ, ಬಾಲಿಯಲ್ಲಿ ಮಾಡುವುದಾ ಎಂದು ತುಂಬಾ ಜನ ಒದ್ದಾಡುತ್ತಾರೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಬೋಟ್ ಬೇಕು, ಮಳೆಗಾಲದಲ್ಲಿ ಬಂದ್. ಆದರೆ ಊರಿನ ಹತ್ತಿರ, ಭಾಷೆಯ ತೊಡಕಿಲ್ಲ, ಬಾಲಿಯ ಅಮೂಲ್ಯ ದಿನಗಳು ಉಳಿಯುತ್ತವೆ. ರಜೆ ಒಂದು ವಾರಕ್ಕಿಂತ ಕಡಿಮೆ ಇದ್ದರೆ ಕೋರ್ಸ್ ಮುರ್ಡೇಶ್ವರದಲ್ಲೇ ಮುಗಿಸಿ ಹೋಗಿ. ಹತ್ತು ದಿನ ಇದ್ದರೆ ತುಲಂಬೆನ್‌ನಲ್ಲೇ ಮಾಡಿ. ಕೋರ್ಸಿನ ಕೊನೆಯ ಡೈವನ್ನೇ ಹಡಗಿನಲ್ಲಿ ಮಾಡಿಸುತ್ತಾರೆ. ಕಲಿತ ದಿನವೇ ಅಂಥ ಜಾಗ ಸಿಗುವುದು ಸಣ್ಣ ಮಾತಲ್ಲ.

ಓಪನ್ ವಾಟರ್ ಇದ್ದವರು ಬರೀ ಈ ಹಡಗಿಗಾಗಿ ಅಡ್ವಾನ್ಸ್‌ಡ್ ಮಾಡಬೇಕಾ? ಅವಸರ ಬೇಡ. ಇದಕ್ಕೆ ಒಂದು ಗಾಳಿಯ ಲೆಕ್ಕ ಇದೆ. ಮಾಮೂಲಿ ಅಲ್ಯೂಮಿನಿಯಂ ಟ್ಯಾಂಕ್ 11 ಲೀಟರ್, ಅದರಲ್ಲಿ ತುಂಬಿದ ಗಾಳಿಯ ಒತ್ತಡ 200 ಬಾರ್. 50 ಬಾರ್ ಉಳಿಸಿಕೊಂಡರೆ ಬಳಸಲು ಸಿಗುವುದು ಸುಮಾರು 1650 ಲೀಟರ್ ಗಾಳಿ. ನೀರಿನ ಮೇಲಿದ್ದಾಗ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರಿನಲ್ಲಿ 40 ಲೀಟರ್, 20 ಮೀಟರಿನಲ್ಲಿ 60, 30 ಮೀಟರಿನಲ್ಲಿ 80 ಲೀಟರ್ ಖರ್ಚು ಮಾಡುತ್ತಾರೆ. ಅಂದರೆ 10 ಮೀಟರಿನಲ್ಲಿ ನಲವತ್ತು ನಿಮಿಷ, 30 ಮೀಟರಿನಲ್ಲಿ ಇಪ್ಪತ್ತು. ಹೊಸಬರು ಇದಕ್ಕಿಂತಲೂ ಜಾಸ್ತಿ ಎಳೆಯುತ್ತಾರೆ. ಗಾಳಿಯ ಜೊತೆಗೆ, ಆಳದಲ್ಲಿ ಉಸಿರಾಡುವಾಗ ಮೈಯಲ್ಲಿ ಸೇರುವ ಸಾರಜನಕದ ಮಿತಿಯೂ ಇದೆ. ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಪಟ್ಟಿಯ ಪ್ರಕಾರ ಮೊದಲ ಡೈವಿನಲ್ಲಿ 18 ಮೀಟರಿಗೆ 56 ನಿಮಿಷ, 30 ಮೀಟರಿಗೆ ಬರೀ 20 ನಿಮಿಷ. ಈ ಹಡಗಿನ ಸೊಗಸೆಲ್ಲ 8ರಿಂದ 20 ಮೀಟರ್ ನಡುವೆ ತುಂಬಿದೆ. ಆಳದ ತುದಿಯ ಗೋರ್ಗೋನಿಯನ್ ಎಂಬ ಬೀಸಣಿಗೆಯಾಕಾರದ ಹವಳಗಳಲ್ಲಿ ಪಿಗ್ಮಿ ಸೀಹಾರ್ಸ್ ಎಂಬ ಪುಟ್ಟ ಕಡಲ್ಗುದುರೆ ಮೀನು ಹುಡುಕಬೇಕು ಎನ್ನುವವರಿಗೆ ಅಡ್ವಾನ್ಸ್‌ಡ್ ಬೇಕು. ಉಳಿದವರು ಆ ದುಡ್ಡಿನಲ್ಲಿ ಇನ್ನೂ ಮೂರ್ನಾಲ್ಕು ಡೈವ್ ಮಾಡಲಿ.

ಅಡ್ವಾನ್ಸ್‌ಡ್ ಇದ್ದು ದಿನಕ್ಕೆ ಮೂರು ಸಲ ಇಳಿಯುವವರು ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿ ಬಳಸುವುದು, ಕಲಿತಿದ್ದರೆ ಲಾಭ. 32 ಪರ್ಸೆಂಟ್ ಆಮ್ಲಜನಕದ ಮಿಶ್ರಣ ಈ ಹಡಗಿನ ಆಳಕ್ಕೆ ಸರಿಯಾಗಿ ಹೊಂದುತ್ತದೆ, ಸಾರಜನಕ ಕಡಿಮೆ ಸೇರುವುದರಿಂದ ಕೆಳಗೆ ಹೆಚ್ಚು ಹೊತ್ತು ಇರಬಹುದು.

ಕಲ್ಲು, ಬೂಟು, ಟ್ಯಾಂಕ್ ಹೊರುವ ಹೆಂಗಸರು

ತುಲಂಬೆನ್ ದಡದಲ್ಲಿ ಸ್ಥಳೀಯ ಹೆಂಗಸರು ಟ್ಯಾಂಕ್‌ಗಳನ್ನು ತಲೆಯ ಮೇಲೆ ಹೊತ್ತು ಆ ಕಲ್ಲಿನ ಮೇಲೆ ನಡೆದು ಬರುತ್ತಾರೆ. ನಾವು ಬೂಟು ಹಾಕಿಕೊಂಡು ಬರಿಗೈಯಲ್ಲಿ ತಡವರಿಸುವ ಜಾಗ ಅದು. ಮೊದಲ ಸಲ ನೋಡಿದಾಗ ನನಗೆ ನಮ್ಮೂರಿನಲ್ಲಿ ಕೊಡ ಹೊತ್ತು ಬರುತ್ತಿದ್ದ ಅಜ್ಜಿ ನೆನಪಾದರು. ಹೊರುವವರ ಕೂಲಿ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಕೇಳಿ. ಸೇರಿದ್ದರೂ ಕೈಗೆ ಸ್ವಲ್ಪ ಕೊಡಿ. ಯಾವ ಅಂಗಡಿ ಅಗ್ಗ ಎಂದು ಹುಡುಕುವಾಗ ಇವರ ಕೂಲಿಯನ್ನು ಹಿಂಡಿ ದರ ಇಳಿಸಿದವರನ್ನು ಆರಿಸಬೇಡಿ ಎಂದು ನನ್ನ ಕೋರಿಕೆ.

ಗಟ್ಟಿ ತಳದ ಬೂಟಿ ಮತ್ತು ಅದರ ಮೇಲೆ ಹಾಕುವ ಪಟ್ಟಿಯ ಫಿನ್ಸ್ ಬೇಕೇ ಬೇಕು. ಬರಿಗಾಲಿಗೆ ಹಾಕುವ ಫಿನ್ಸ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ನಿಮ್ಮ ಅಳತೆಯದು ಇದೆಯೇ ಎಂದು ಮೊದಲೇ ವಿಚಾರಿಸಿ. ಇಳಿಯುವಾಗ ಮಾಸ್ಕ್ ಮುಖದ ಮೇಲೆ, ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿ, ಫಿನ್ಸ್ ಕೈಯಲ್ಲಿ. ಸೊಂಟದ ಮಟ್ಟ ದಾಟಿದ ಮೇಲೆ ಗೈಡ್ ತೋಳು ಹಿಡಿದು ಫಿನ್ಸ್ ಹಾಕಿಕೊಳ್ಳಿ. ವಾಪಸ್ ಬರುವಾಗ ಅಲೆ ಜೋರಿದ್ದರೆ ನಿಲ್ಲಲು ಹೋಗದೆ ಅಂಬೆಗಾಲಿನಲ್ಲಿ ಬನ್ನಿ. ಮಂಡಿ ಸರಿ ಇಲ್ಲದವರು, ಬೆನ್ನಿಗೆ ಆಪರೇಷನ್ ಆದವರು ಟ್ಯಾಂಕನ್ನು ನೀರಿನಲ್ಲೇ ಕಟ್ಟಿಸಿಕೊಳ್ಳುವ ಏರ್ಪಾಡು ಕೇಳಬಹುದು.

ಹಡಗಿನೊಳಗೆ ನುಗ್ಗಬೇಡಿ. ನೂರು ವರ್ಷ ದಾಟಿದ ಕಬ್ಬಿಣ, ತುಂಡುತುಂಡಾಗಿ ಕುಸಿಯುತ್ತಿದೆ. ತೆರೆದ ಜಾಗಗಳಲ್ಲಿ ಗೈಡ್ ಕರೆದುಕೊಂಡು ಹೋಗುವಷ್ಟೇ ಸಾಕು. ಎಲ್ಲೂ ಕೈ ಊರಬೇಡಿ, ಕಲ್ಲಿನಂತೆ ಕಾಣುವ ಸ್ಕಾರ್ಪಿಯನ್ ಮೀನಿಗೆ ವಿಷದ ಮುಳ್ಳಿದೆ.

ವಿಮಾನ, ಬೆಟ್ಟ, ಡಾಕ್ಟರ್ ಚೀಟಿ

ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲು ಹೊತ್ತು ಬೇಕು. ಒಂದೇ ಡೈವ್ ಮಾಡಿದ್ದರೆ ವಿಮಾನಕ್ಕೆ ಕನಿಷ್ಠ 12 ಗಂಟೆ ಬಿಡಬೇಕು. ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ. ನಾನು ಪೂರ್ತಿ ಒಂದು ದಿನ ಬಿಡುತ್ತೇನೆ. ಇದು ಎಲ್ಲರಿಗೂ ಗೊತ್ತು. ಮರೆಯುವುದು ಬೆಟ್ಟವನ್ನು. ತುಲಂಬೆನ್‌ನಿಂದ ಉಬುದ್‌ಗೆ ಹೋಗುವಾಗ ಡ್ರೈವರ್‌ಗಳು ಕಿಂತಮಣಿ ಮೇಲೆ ಹೋಗೋಣ, ನೋಟ ಚೆನ್ನಾಗಿದೆ ಎನ್ನುತ್ತಾರೆ. ಆ ರಸ್ತೆ 1400 ಮೀಟರಿಗಿಂತ ಮೇಲೆ ಹತ್ತುತ್ತದೆ. ಬಾತೂರ್ ಬೆಟ್ಟದ ಸೂರ್ಯೋದಯದ ಚಾರಣ 1717 ಮೀಟರ್. ಡೈವ್ ಆದ ದಿನ ಇವೆರಡೂ ಬೇಡ. ಮೊದಲು ಬೆಟ್ಟ, ಆಮೇಲೆ ಸಮುದ್ರ, ಕೊನೆಯ ದಿನ ಉಬುದ್ ಅಥವಾ ಕುಟಾ. ಪ್ಯಾಕೇಜ್ ಮಾಡುವವರು ಈ ಕ್ರಮ ನೋಡುವುದಿಲ್ಲ, ನೀವೇ ನೋಡಿಕೊಳ್ಳಬೇಕು. ವಾಪಸ್ ಬರುವಾಗ ಅಮ್ಲಪುರದ ಮೇಲೆ ಕರಾವಳಿ ಕಡೆಯ ದಾರಿ ಹಿಡಿಯಿರಿ.

ಡೈವ್‌ಗೆ ಮುಂಚೆ ಆರೋಗ್ಯದ ಫಾರಂ ತುಂಬಿಸುತ್ತಾರೆ. ಅಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದರೆ ಡಾಕ್ಟರ್ ಸಹಿ ಬೇಕಾಗುತ್ತದೆ. ಅದನ್ನು ಊರಿನಲ್ಲೇ ಮಾಡಿಸಿಕೊಂಡು ಹೋಗಿ. ಸಾಮಾನ್ಯ ಪ್ರವಾಸದ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಆಳದ ತನಕ ಎಂದು ಓದಿ ನೋಡಿ. ಇದರ ಜೊತೆ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಇಳಿದಾಗ ವೀಸಾಕ್ಕೆ 5 ಲಕ್ಷ ರೂಪಿಯಾ, ಬಾಲಿಯ ಪ್ರವಾಸಿ ಶುಲ್ಕ 1.5 ಲಕ್ಷ ರೂಪಿಯಾ ಎಂದು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗೆ

ಅಮೆರಿಕದಲ್ಲಿರುವವರಿಗೆ ಬಾಲಿ ದೂರ. ಅವರಿಗೆ ಕೆರಿಬಿಯನ್‌ನ ಬೊನೇರ್ ದ್ವೀಪದ ಹಿಲ್ಮಾ ಹೂಕರ್ ಇದೆ. 1984ರಲ್ಲಿ ಮುಳುಗಿದ 72 ಮೀಟರ್ ಉದ್ದದ ಹಡಗು. ಗಾಂಜಾ ಸಾಗಿಸುವಾಗ ಸಿಕ್ಕಿಬಿದ್ದದ್ದು. ಅದನ್ನೂ ದಡದಿಂದಲೇ ಈಜಿ ನೋಡಬಹುದು. ಸ್ವಂತ ಟ್ರಕ್ ಬಾಡಿಗೆಗೆ ಪಡೆದು, ಟ್ಯಾಂಕ್ ಹಾಕಿಕೊಂಡು, ರಸ್ತೆ ಬದಿಯ ಹಳದಿ ಕಲ್ಲುಗಳಲ್ಲಿ ಜಾಗದ ಹೆಸರು ಓದಿಕೊಂಡು ಇಳಿಯುವುದು ಅಲ್ಲಿನ ಪದ್ಧತಿ. ಆದರೆ ಅದು ಸುಮಾರು 18ರಿಂದ 30 ಮೀಟರ್ ಆಳದಲ್ಲಿದೆ. ಹೊಸಬರಿಗೆ, ಸ್ನಾರ್ಕೆಲ್‌ನವರಿಗೆ ಅಲ್ಲ.

ಬ್ರಿಸ್ಬೇನ್ ಕಡೆ ಇರುವವರಿಗೆ ಸೊಲೊಮನ್ ದ್ವೀಪಗಳ ಹೊನಿಯಾರಾ ಹತ್ತಿರ. ಅದರ ಪಶ್ಚಿಮಕ್ಕೆ ಬೊನೆಗಿ ಎಂಬಲ್ಲಿ 1942ರ ನವೆಂಬರಿನ ಯುದ್ಧದಲ್ಲಿ ದಡಕ್ಕೆ ಹತ್ತಿದ ಎರಡು ಜಪಾನಿ ಹಡಗುಗಳಿವೆ, ಹಿರೊಕಾವಾ ಮಾರು ಮತ್ತು ಕಿನುಗಾವಾ ಮಾರು. ಜನಸಂದಣಿ ಇಲ್ಲ. ಆದರೆ ಮಲೇರಿಯಾ ಇದೆ, ಸೌಕರ್ಯ ಕಡಿಮೆ. ಇತಿಹಾಸದ ಹುಚ್ಚು ಇರುವ, ಅನುಭವ ಇರುವವರು ಹೋಗಲಿ. ಮೊದಲ ಹಡಗು ನೋಡುವವರಿಗೆ ಇವೆರಡಕ್ಕಿಂತ ಲಿಬರ್ಟಿಯೇ ವಾಸಿ.

ನಿಮ್ಮ ಸಂದರ್ಭಕ್ಕೆ

ಐದು ದಿನದ ಪ್ಯಾಕೇಜ್, ಡೈವಿಂಗ್ ಗೊತ್ತಿಲ್ಲ, ಈಜು ಗೊತ್ತು: ಅಮೆಡ್‌ನಲ್ಲಿ ಒಂದೇ ಒಂದು ರಾತ್ರಿ ಉಳಿಯಿರಿ. ಮೊದಲ ಮಧ್ಯಾಹ್ನ ಜೆಮೆಲುಕ್‌ನಲ್ಲಿ ಅಭ್ಯಾಸ, ಮಾರನೇ ಬೆಳಿಗ್ಗೆ ಬೇಗ ಹಡಗಿನಲ್ಲಿ ಒಂದು ಡಿಸ್ಕವರ್ ಡೈವ್. ಇದನ್ನು ಪ್ರವಾಸದ ಮೊದಲ ಅರ್ಧದಲ್ಲಿ ಇಟ್ಟುಕೊಳ್ಳಿ.

ಓಪನ್ ವಾಟರ್ ಇದೆ, ದುಡ್ಡು ಬಿಗಿ: ತುಲಂಬೆನ್‌ನಲ್ಲಿ ಎರಡು ರಾತ್ರಿ, ನಾಲ್ಕು ಡೈವ್. ಅದರಲ್ಲಿ ಹಡಗಿನಲ್ಲಿ ಎರಡು ಬೆಳಿಗ್ಗೆ ಆರಕ್ಕೆ, ಒಂದು ಡ್ರಾಪ್ ಆಫ್, ಒಂದು ಕೋರಲ್ ಗಾರ್ಡನ್. ಒಬ್ಬ ಗೈಡಿಗೆ ನಾಲ್ಕಕ್ಕಿಂತ ಹೆಚ್ಚು ಜನ ಬೇಡ ಎಂದು ಮೊದಲೇ ಬರೆದು ಕೇಳಿ.

ಅಡ್ವಾನ್ಸ್‌ಡ್ ಇದೆ, ಕ್ಯಾಮೆರಾ ಇದೆ: ತುಲಂಬೆನ್‌ನಲ್ಲಿ ನಾಲ್ಕು ರಾತ್ರಿಯಾದರೂ ಇರಿ. ಸ್ವಂತ ಗೈಡ್ ತೆಗೆದುಕೊಳ್ಳಿ. ಬೇರೆ ಎಲ್ಲಕ್ಕಿಂತ ಅದಕ್ಕೆ ಹಾಕಿದ ದುಡ್ಡು ಚೆನ್ನಾಗಿ ವಾಪಸ್ ಬರುತ್ತದೆ.

ಹತ್ತು ಹನ್ನೊಂದು ವರ್ಷದ ಮಕ್ಕಳು ಜೊತೆಗಿದ್ದರೆ: ಹತ್ತು ತುಂಬಿದವರು ಜೂನಿಯರ್ ಕೋರ್ಸ್ ಮಾಡಬಹುದು, ಮಿತಿ 12 ಮೀಟರ್. ಮಗುವಿಗೇ ಇಷ್ಟ ಇದ್ದರೆ ಮಾತ್ರ ಮಾಡಿಸಿ. ಇಲ್ಲದಿದ್ದರೆ ಬನ್ಯುನಿಂಗ್‌ನ ಚಿಕ್ಕ ಹಡಗಿಗೆ ಸ್ನಾರ್ಕೆಲ್ ಮಾಡಿಸಿ, ಅದೇ ಅವರಿಗೆ ದೊಡ್ಡ ಸಂಭ್ರಮ.

ಅಪ್ಪ ಅಮ್ಮ ಜೊತೆಗೆ ಬಂದಿದ್ದರೆ: ಅವರನ್ನು ಕುಟಾದಲ್ಲಿ ಬಿಟ್ಟು ಬರಬೇಡಿ, ಕರೆದುಕೊಂಡು ಬನ್ನಿ. ತುಲಂಬೆನ್ ದಡದಲ್ಲಿ ಸೂರ್ಯ ಸಮುದ್ರದಿಂದಲೇ ಹುಟ್ಟುತ್ತಾನೆ. ಬೆಳಿಗ್ಗೆ ಮನೆಮನೆಯ ಎದುರು ಹೂವು, ಊದುಬತ್ತಿ ಇಟ್ಟ ಎಲೆಯ ದೊನ್ನೆ ಇಡುವುದನ್ನು ನೋಡಿದರೆ ಅವರಿಗೆ ಪರದೇಶ ಅನ್ನಿಸುವುದಿಲ್ಲ. ನೀರಿಗೆ ಇಳಿಯುವ ಮುಂಚೆ ಎಷ್ಟು ಹೊತ್ತಿಗೆ ಮೇಲೆ ಬರುತ್ತೀರಿ ಎಂದು ಗಡಿಯಾರ ತೋರಿಸಿ ಹೇಳಿ ಹೋಗಿ. ಐವತ್ತು ನಿಮಿಷ ಎಂದರೆ, ಗೈಡಿಗೂ ಅದನ್ನೇ ಹೇಳಿರಿ. ಕೊನೆಯ ಮೂರು ನಿಮಿಷ ಹೇಗೂ ಹಡಗಿನ ಮೇಲಿನ ತುದಿಯ ಹತ್ತಿರ, 5 ಮೀಟರಿನಲ್ಲಿ, ಮೈಯ ಸಾರಜನಕ ಇಳಿಯಲೆಂದು ಮಾಡುವ ಸೇಫ್ಟಿ ಸ್ಟಾಪ್‌ಗೆ ನಿಲ್ಲುತ್ತೀರಿ. ಅದನ್ನೂ ಸೇರಿಸಿಯೇ ಅಮ್ಮನಿಗೆ ಲೆಕ್ಕ ಕೊಡಿ.